ಮೆಟ್ಟಿಲ ಮೇಲೆ ಒಂದೇ ಜೊತೆ ಚಪ್ಪಲಿ

"ನೀವು ಮನ್ಯಾಗ ಇರ್ತೀರಂತ ಅನ್ಕೊಂಡಿದ್ದಿಲ್ಲರಿ," ಎಂದಳು, ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ ಹುಡುಗಿ. "ಈ ಹೊತ್ತಿಗೆ ಅಮ್ಮಾರು ಒಬ್ಬರ ಇರ್ತಾರಲ್ಲ."

ನಾನು ಅಂದು ರಜೆಯಲ್ಲಿದ್ದೆ. ಆಕೆಯನ್ನು ಹಿಂದೆಂದೂ ನೋಡಿರಲಿಲ್ಲ.

ಊರು ಬೀದರ್, ಇಲ್ಲಿ ವಿಶ್ವವಿದ್ಯಾಲಯದಲ್ಲಿ ಭದ್ರತೆ ಮತ್ತು ಗುಪ್ತಚರ ವಿಷಯ ಓದುತ್ತಿದ್ದೇನೆ ಎಂದಳು. ಎಲ್ಲರಿಗೂ ಕಾಣುವ ಫೋಟೊಗಳಿಂದಲೇ ಒಂದು ಮನೆಯನ್ನು ಪತ್ತೆ ಹಚ್ಚುವುದು ತರಗತಿಯ ಅಭ್ಯಾಸವಂತೆ. ಅವ್ವ ದಿನವೂ ಕನ್ನಡದಲ್ಲಿ ನಾಲ್ಕು ಮಾತು ಬರೆದು ಜಾಲತಾಣಕ್ಕೆ ಹಾಕುವ ರಂಗೋಲಿ ಫೋಟೊಗಳನ್ನು ಆಕೆ ಆರಿಸಿಕೊಂಡಿದ್ದಳು. ಅಂಚಿನಲ್ಲಿ ಕಂಡ ರೈಲ್ವೆ ಸೇತುವೆಯಿಂದ ಬೀದಿ ಸಿಕ್ಕಿತ್ತು. ರಜಾದಿನದ ಫೋಟೊಗಳಲ್ಲಿ ಮೆಟ್ಟಿಲ ಮೇಲೆ ಎರಡು ಜೊತೆ ಚಪ್ಪಲಿ ಇದ್ದರೆ, ನಾನು ಕಚೇರಿಗೆ ಹೋದ ಮೇಲೆ ತೆಗೆದವುಗಳಲ್ಲಿ ಒಂದೇ ಜೊತೆ ಇರುತ್ತಿತ್ತು. ಅವ್ವ ಒಬ್ಬಳೇ ಇರುವುದು ಅದರಿಂದ ತಿಳಿದಿತ್ತು.

"ಕ್ಲಾಸಿನ್ಯಾಗ ಎಲ್ಲಾ ತೋರಿಸಿದೆರಿ. ಚಪ್ಪಾಳಿ ಹೊಡೆದ್ರು. ಆಮ್ಯಾಲೆ ನನಗ ಹೆದರಿಕಿ ಆತು. ಆ ಫೋಟೊ ತೆಗೆದುಬಿಡ್ರಿ."

ಫೋಟೊದ ಮಾತಷ್ಟೇ ಕಿವಿಗೆ ಬಿದ್ದು ಒಳಗಿನಿಂದ ಬಂದ ಅವ್ವ ಖುಷಿಯಾಗಿ, "ಯಾವ ರಂಗೋಲಿ ಚಲೋ ಅನಿಸ್ತವ್ವಾ ನಿನಗ?" ಎಂದು ಕೇಳಿದಳು. ಹುಡುಗಿ ನನ್ನ ಮುಖ ನೋಡಿದಳು. ಆಕೆ ಬಂದದ್ದೇಕೆಂದು ನಾನೇ ಅವ್ವನಿಗೆ ಬಿಡಿಸಿ ಹೇಳಬೇಕಾಯಿತು.

ಫೋಟೊಗಳನ್ನು ಅಂದೇ ಅಳಿಸಿದೆವು. ಈಗ ಮಧ್ಯಾಹ್ನ ಯಾರೇ ಕರೆಗಂಟೆ ಒತ್ತಿದರೂ ಅವ್ವ ಬಾಗಿಲ ಹಿಂದೆ ಸದ್ದಿಲ್ಲದೆ ನಿಂತುಬಿಡುತ್ತಾಳೆ. ಮೊನ್ನೆ ಬೇಗ ಮರಳಿದ್ದೆ. ಗಂಟೆ ಒತ್ತಿದಾಗ ಒಳಗಿನಿಂದ ಉಸಿರಾಟ ಮಾತ್ರ ಕೇಳಿಸಿತು. "ಅವ್ವಾ, ನಾನು," ಎಂದೆ. ಬಾಗಿಲು ಕೂಡಲೇ ತೆರೆಯಲಿಲ್ಲ.