ಅಕ್ಕೋರ ಅಳತೆಯ ಬೆಂಚು

ಸುಮಿತ್ರಾ ಅಕ್ಕೋರು ಯಾರ ಜೊತೆ ಮಾತನಾಡುವಾಗಲೂ ತಲೆಯೆತ್ತಿ ನೋಡುತ್ತಿರಲಿಲ್ಲ. ಎದುರಿಗೆ ನಿಂತವರ ಅಂಗಿಯ ಎರಡನೇ ಗುಂಡಿಯನ್ನೇ ನೋಡುತ್ತ ತಮ್ಮ ಪಾಡಿಗೆ ಮಾತಾಡುತ್ತಿದ್ದರು. ಅವರ ಮುಖ ಕಾಣಬೇಕು ಅನ್ನುವವರು ತಾವೇ ಬಗ್ಗಬೇಕಿತ್ತು. ಶಾಲೆ ತಪಾಸಣೆಗೆ ಬಂದ ಸಾಹೇಬರೂ ಬಗ್ಗಿದ್ದಾರೆ, ಮದುವೆಗೆ ಕರೆಯಲು ಬಂದ ಹಳೆಯ ವಿದ್ಯಾರ್ಥಿಗಳೂ ಬಗ್ಗಿದ್ದಾರೆ. ನಾನಂತೂ ಕುಮಟೆಯ ನಮ್ಮ ಓಣಿಗೇ ಎತ್ತರದ ಹೆಂಗಸು, ನನ್ನದೇ ಹೊಲಿಗೆ ಅಂಗಡಿಯ ಬಾಗಿಲಿಗೆ ತಲೆ ಬಡಿಸಿಕೊಳ್ಳುವವಳು. ಪಕ್ಕದ ಮನೆಯಲ್ಲಿ ಅವರಿದ್ದಷ್ಟು ಕಾಲ ನನ್ನ ಸೊಂಟನೋವು ಕಡಿಮೆಯಾಗಲೇ ಇಲ್ಲ.

ನಮ್ಮ ಕಡೆ ಶಾಲೆಯ ಟೀಚರನ್ನು ಅಕ್ಕೋರು ಅಂತಲೇ ಕರೆಯುವುದು. ಇವರು ಇಡೀ ನೌಕರಿಯನ್ನು ಬೋರ್ಡಿನ ಕೆಳಗೆ ಒಂದು ಮರದ ಮಣೆ ಇಟ್ಟುಕೊಂಡು, ಅದರ ಮೇಲೆ ನಿಂತೇ ಮಾಡಿದರು. ಒಮ್ಮೆ ಮಕ್ಕಳು ಆ ಮಣೆಯನ್ನು ಎಲ್ಲೋ ಅಡಗಿಸಿಟ್ಟರಂತೆ. ಅಕ್ಕೋರು ಹುಡುಕಲೂ ಇಲ್ಲ, ಬೈಯಲೂ ಇಲ್ಲ. ಬೋರ್ಡಿನ ಕೆಳಗಿನ ಅರ್ಧದಲ್ಲಿ ಸಣ್ಣ ಅಕ್ಷರದಲ್ಲಿ ಪಾಠ ಪೂರಾ ಬರೆದು, ಹಿಂದಿನ ಸಾಲಿನವರಿಗೆ ಕಾಣದಿದ್ದರೆ ಮುಂದೆ ಬಂದು ನೆಲಕ್ಕೆ ಕೂತು ಬರೆದುಕೊಳ್ಳಿ ಅಂದರು. ಮರುದಿನ ಮಣೆ ತಾನಾಗಿ ವಾಪಸು ಬಂತು. ಅಡಗಿಸಿಟ್ಟವರಲ್ಲಿ ಒಬ್ಬನಾದ ಗಣಪತಿ ಈಗ ಊರಿನ ಒಳ್ಳೆಯ ಆಚಾರಿ, ಈ ಕತೆಯನ್ನು ಅವನೇ ನನಗೆ ನಗುತ್ತ ಹೇಳಿದ್ದು.

ನಿವೃತ್ತಿಯಾದ ಮೇಲೆ ಉಳಿದವರು ಕಾಶಿಗೆ ಹೋಗುತ್ತಾರೆ, ಇಲ್ಲವೇ ಭಜನೆಗೆ ಸೇರುತ್ತಾರೆ. ಈ ಪುಣ್ಯಾತ್ಗಿತ್ತಿಗೆ ಮರ ಕಡೆಯುವ ಲೇತ್ ಮಷಿನ್ ಬೇಕಾಯಿತು. ಚಿಕ್ಕವರಿದ್ದಾಗ ಹೊನ್ನಾವರದಲ್ಲಿ ತೊಟ್ಟಿಲು ಮಾಡುವವರ ಅಂಗಡಿ ಮುಂದೆ ನಿಂತು, ತಿರುಗುವ ಮರಕ್ಕೆ ಉಳಿ ತಾಗಿಸಿದ ಕೂಡಲೇ ಹೊಟ್ಟು ಸುರುಳಿ ಸುರುಳಿಯಾಗಿ ಏಳುವುದನ್ನು ನೋಡುತ್ತಿದ್ದರಂತೆ. ಒಳಗೆ ಬರಲು ಹೋದರೆ, ಹೆಣ್ಣುಮಕ್ಕಳಿಗೆ ಇಲ್ಲಿ ಎಂತ ಕೆಲಸ ಅಂತ ಓಡಿಸುತ್ತಿದ್ದರಂತೆ. ಆ ಸಿಟ್ಟು ಅಷ್ಟು ವರ್ಷವಾದರೂ ಆರಿರಲಿಲ್ಲ. ಲಟ್ಟಣಿಗೆ, ಕಡಗೋಲು, ತೊಟ್ಟಿಲಿನ ಕಂಬ ಎಲ್ಲ ತಾವೇ ಕಡೆಯಬೇಕು, ಅದೂ ಯಾರ ಆಸರೆಯೂ ಇಲ್ಲದೆ. ಹಟ ಹಿಡಿದರೆ ಹಿಡಿದದ್ದೇ.

ಮಷಿನ್ ತರಲು ಭಟ್ಕಳದ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅಂಗಡಿಯ ಸಾಹೇಬರು ಒಳ್ಳೆಯ ಮನುಷ್ಯ, ಚಹಾ ತರಿಸಿಕೊಟ್ಟು ಎಲ್ಲ ವಿವರಿಸಿದರು. ಮಷಿನ್ನಿಗೆ ಕಬ್ಬಿಣದ ಕಾಲು ತಗೊಂಡರೆ ಇವತ್ತೇ ಜೋಡಿಸಿ ಶುರುಮಾಡಬಹುದು, ಜಾಗವೂ ಕಮ್ಮಿ ಸಾಕು, ಗೆದ್ದಲಿನ ಭಯವೂ ಇಲ್ಲ. ಕಾಲು ಬೇಡವಾದರೆ ಮರದ ಬೆಂಚು ಮಾಡಿಸಿ ಅದರ ಮೇಲೆ ಬೋಲ್ಟು ಹಾಕಿ ಕೂರಿಸಬೇಕು. ಅಲ್ಲೇ ಕಾಲಿನ ಮೇಲೆ ಜೋಡಿಸಿಟ್ಟಿದ್ದ ಒಂದು ಮಷಿನ್ ಇತ್ತು. ಕಡೆಯುವಾಗ ಮರ ನಮ್ಮ ಮೊಣಕೈ ಮಟ್ಟದಲ್ಲಿ ತಿರುಗಬೇಕು. ಅದು ನನಗೆ ಸರಿಯಾಗಿತ್ತು, ಅಕ್ಕೋರ ಗಲ್ಲಕ್ಕೆ ಬರುತ್ತಿತ್ತು. ಅದಕ್ಕೇನು ಮೇಡಂ, ಅಡಿಗೆ ಒಂದು ಹಲಗೆ ಹಾಕಿ ನಿಂತರಾಯಿತು ಅಂದರು ಸಾಹೇಬರು. ಹೌದಲ್ಲ ಅಂತ ನಾನೂ ತಲೆಯಾಡಿಸಿದೆ.

ಅಕ್ಕೋರು ಸಾಹೇಬರ ಎರಡನೇ ಗುಂಡಿ ನೋಡುತ್ತ ಹೇಳಿದರು: “ಮಣೆ ಹತ್ತಿ ನಿಂತದ್ದು ಸಾಕು ನಂಗೆ. ಅದು ಸರ್ಕಾರದ ಬೋರ್ಡು, ಹತ್ತಿದೆ. ಇದು ನಂದು. ಬೇಕಾದ್ರೆ ಇದೇ ಕೆಳಗೆ ಬರ್ಲಿ.”

ಕಾಲು ಅಂಗಡಿಯಲ್ಲೇ ಉಳಿಯಿತು. ದಾರಿಯುದ್ದಕ್ಕೂ ನಾನು ಗೊಣಗಿದೆ. ಅವರು ನಿಧಾನಕ್ಕೆ ಬಿಡಿಸಿ ಹೇಳಿದರು: ಕಡೆಯುವವರು ಉಳಿಯ ಜೊತೆ ಮೈಯನ್ನೂ ಆಚೆ ಈಚೆ ಸರಿಸಬೇಕು, ಹಲಗೆ ಎಲ್ಲಿ ಮುಗಿಯುತ್ತದೆ ಅಂತ ನೋಡುತ್ತ ನಿಂತರೆ ಕಣ್ಣು ಮರದ ಮೇಲಿರುವುದಿಲ್ಲ. ಅದೂ ನಿಜವೇ ಅನ್ನಿ. ಆದರೆ ಮೊದಲು ಹೇಳಿದ್ದು ಹೆಚ್ಚು ನಿಜ ಅಂತ ನನಗೆ ಗೊತ್ತಿತ್ತು.

ಮನೆಗೆ ಬಂದದ್ದೇ ನನ್ನ ಟೇಪು ಕೇಳಿದರು. ಅವರ ಮೊಣಕೈಯಿಂದ ನೆಲಕ್ಕೆ ಅಳೆದು, ಮಷಿನ್ನಿನ ತಳದಿಂದ ಮರ ತಿರುಗುವ ಮಟ್ಟದವರೆಗಿನ ಎತ್ತರ ಕಳೆದೆ. ಉಳಿದದ್ದು ಬೆಂಚಿನ ಎತ್ತರ. ಇದು ಬೆಂಚೋ ಊಟದ ಮಣೆಯೋ ಅಂತ ಗಣಪತಿ ಚೇಷ್ಟೆ ಮಾಡಿದ, ಆದರೆ ಮತ್ತಿ ಮರದಲ್ಲಿ ದಪ್ಪ ಕಾಲಿಟ್ಟು ಗಟ್ಟಿಯಾಗಿ ಮಾಡಿಕೊಟ್ಟ. ಮೊದಲ ದಿನ ಅಕ್ಕೋರು ಓರೆಕೋರೆ ಹಲಸಿನ ತುಂಡು ಸಿಕ್ಕಿಸಿ ಮಷಿನ್ ಹಾಕಿದರು ನೋಡಿ, ಬೆಂಚು ನಡುಗುತ್ತ ನಡುಗುತ್ತ ಬಾಗಿಲ ಕಡೆ ಹೊರಟಿತು. ನಾನು ಕೂಗಿ ಹೊರಗೋಡಿದೆ. ಅವರು ಸ್ವಿಚ್ ಆರಿಸಿ, ಬೆಂಚಿನ ಕೆಳಗಿನ ಹಲಗೆಯ ಮೇಲೆ ಚಿರೆಕಲ್ಲು ಹೇರಿಸಿ, ಅದೇ ತುಂಡನ್ನು ಮತ್ತೆ ಸಿಕ್ಕಿಸಿದರು. ಆಮೇಲೆ ಅದು ಅಲುಗಲಿಲ್ಲ.

ಓಣಿಯ ಪ್ರತಿ ಮನೆಗೂ ಅವರ ಲಟ್ಟಣಿಗೆ ಬಂತು. ಮೊದಮೊದಲಿನವು ನಡುವೆ ಉಬ್ಬಿ ಚಪಾತಿಗೆ ಹಳ್ಳ ಬೀಳಿಸುತ್ತಿದ್ದವು, ಬರಬರುತ್ತ ಕಣ್ಣಿಗೊತ್ತಿಕೊಳ್ಳುವಂತಾದವು. ನನಗೂ ಕಲಿಸಬೇಕೆಂದು ಬಹಳ ಆಸೆ ಅವರಿಗೆ. ಆ ಗಿಡ್ಡ ಬೆಂಚಿಗೆ ಬಗ್ಗಲು ನನ್ನಿಂದಾಗದು ಅಂತ ತಪ್ಪಿಸಿಕೊಳ್ಳುತ್ತಿದ್ದೆ.

ಹೀಗಿರುವಾಗ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಶನ್ ಆಯಿತು, ವಾಕರ್ ಬಂತು, ಹೆಚ್ಚು ಹೊತ್ತು ನಿಲ್ಲಬಾರದು ಅಂತಾಯಿತು. ಸಂತೆಗುಳಿಯಿಂದ ಬಂದ ಅವರ ತಮ್ಮ, ಇನ್ನು ಮಷಿನ್ ಯಾರಿಗಾದರೂ ಕೊಟ್ಟುಬಿಡೋಣ ಅಂದ. ಅಕ್ಕೋರು ಗಣಪತಿಗೆ ಹೇಳಿಕಳಿಸಿದರು. ತಾವೇ ಕುರ್ಚಿಯಲ್ಲಿ ಕೂತು ನನ್ನಿಂದ ಮತ್ತೆ ಅಳತೆ ತೆಗೆಸಿದರು. ತಾನೇ ಮಾಡಿದ ಬೆಂಚಿನ ಕಾಲಿಗೆ ಗರಗಸ ಇಡಲು ಗಣಪತಿಗೆ ಮನಸ್ಸಿಲ್ಲ, ಸುಮ್ಮನೆ ಪೆನ್ಸಿಲ್ ಕೆರೆಯುತ್ತ ನಿಂತ.

“ಕೊಯ್ಯೋ ಗಣಪತಿ,” ಅಂದರು ಅಕ್ಕೋರು. “ನನ್ನ ಕಾಲು ಹೋಯ್ತು ಅಂತ ಕೈ ಎಂತಕ್ಕೆ ಸುಮ್ನೆ ಕೂರ್ಬೇಕು?”

ಅವನು ಕಣ್ಣೊರೆಸಿಕೊಂಡು ಕೊಯ್ದ. ಮೊಣಕಾಲಿಗೆ ಜಾಗವಾಗಲೆಂದು ಚಿರೆಕಲ್ಲುಗಳನ್ನು ಎರಡು ತುದಿಗೆ ಸರಿಸಿದೆವು. ಅಕ್ಕೋರು ಕೂತೇ ಕಡೆಯತೊಡಗಿದರು, ಮೊದಲಿಗಿಂತ ನಯವಾಗಿ.

ಕೊನೆಯ ಸಲ ನಾನು ಹೋದಾಗ ತೊಟ್ಟಿಲಿನ ಕಂಬವೊಂದು ತಿರುಗುತ್ತಿತ್ತು. ಮಷಿನ್ ನಿಲ್ಲಿಸಲಿಲ್ಲ, ಕೂತುಕೋ ಅಂತ ಗಲ್ಲದಲ್ಲೇ ಸನ್ನೆ ಮಾಡಿದರು. ಮುಗಿದ ಮೇಲೆ ಕಂಬವನ್ನು ನನ್ನ ಕೈಗಿಟ್ಟು, ನಾನು ಹೋದ ಮೇಲೆ ಈ ಮಷಿನ್ ನಿನಗೆ, ತಮ್ಮನಿಗೂ ಹೇಳಿದ್ದೇನೆ ಅಂದರು. ನನಗೆ ಬರುವುದಿಲ್ಲವಲ್ಲ ಅಂದೆ. “ನಂಗೆ ಬರ್ತಿತ್ತನೇ ಮಾರಾಯ್ತಿ?” ಅಂದರು. ಮುಂದಿನ ವಾರ ನಿದ್ದೆಯಲ್ಲೇ ಹೋಗಿಬಿಟ್ಟರು.

ಬೆಂಚನ್ನು ನಮ್ಮ ಮನೆಗೆ ಹೊತ್ತು ತಂದ ದಿನ ಗಣಪತಿ ಒಂದು ಮಾತು ಕೇಳಿದ. ಕಾಲಿಗೆ ತುಂಡು ಸೇರಿಸಿ ನನ್ನ ಎತ್ತರಕ್ಕೆ ಮಾಡಿಕೊಡಲೇ, ಅರ್ಧ ದಿನದ ಕೆಲಸ. ಬೇಡ ಅಂದೆ. ಅಡುಗೆಮನೆಯ ಸ್ಟೂಲು ತಂದು, ಉದ್ದ ಕಾಲುಗಳನ್ನು ಹೇಗೋ ಮಡಚಿ ಒಳಗೆ ತೂರಿಸಿ ಕೂತು ಸ್ವಿಚ್ ಹಾಕಿದೆ. ಮೊಣಕಾಲು ಬೆಂಚಿಗೆ ಬಡಿಯುತ್ತದೆ. ಬಡಿಯಲಿ.