ಗೋಡೆಯ ಮೇಲಿನ ಪಾಸ್‌ವರ್ಡ್

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಗೋಡೆಯ ಮೂಲೆಗಳ ಕಡೆ ಹೋಗುತ್ತದೆ. ಜೇಡರ ಬಲೆ ನೋಡುತ್ತಿದ್ದಾನೆಂದು ಮನೆಯವರು ಮುಜುಗರಪಡುತ್ತಾರೆ. ನಾನು ಹುಡುಕುವುದು ವೈಫೈ ಡಬ್ಬಿಯನ್ನು. ಅದು ಕಂಡರೂ ಸಮಾಧಾನವಿಲ್ಲ. ಛೆ, ಫ್ರಿಜ್ಜಿನ ಹಿಂದೆ ಇಟ್ಟಿದ್ದಾರಲ್ಲ, ಅಡುಗೆಮನೆಗೆ ಸಿಗ್ನಲ್ ಹೇಗೆ ಮುಟ್ಟಬೇಕು ಎಂದು ಒಳಗೊಳಗೇ ಚಡಪಡಿಸುತ್ತೇನೆ. ಕಳೆದ ತಿಂಗಳು ನಮ್ಮ ಅಣ್ಣನ ಮಗನಿಗೆ ಕನ್ಯೆ ನೋಡಲು ಯಲಬುರ್ಗಾಕ್ಕೆ ಹೋದಾಗಲೂ ಹೀಗೇ ಆಯಿತು. ಅವಲಕ್ಕಿಯ ತಟ್ಟೆ ಬಂದಿದೆ, ಹುಡುಗಿ ಬಂದು ಕುಳಿತಿದ್ದಾಳೆ, ನಾನು ಮಾತ್ರ ಕಪಾಟಿನ ಮೇಲೆ ನೋಡುತ್ತಿದ್ದೇನೆ. ಹೆಂಡತಿ ತೊಡೆ ಚಿವುಟಿದ ಮೇಲೆಯೇ ಎಚ್ಚರವಾದದ್ದು.

ಇದು ಹುಟ್ಟುಗುಣವಲ್ಲ, ನೌಕರಿಯಿಂದ ಅಂಟಿಕೊಂಡದ್ದು. ಕುಷ್ಟಗಿಯ ಇಪ್ಪತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಗೆ ನಾನು ಮ್ಯಾನೇಜರು. ಓದಿದ್ದು ಬಿ.ಕಾಂ. ಒಮ್ಮೆ ಕೆಟ್ಟು ನಿಂತಿದ್ದ ಪ್ರಿಂಟರಿಗೆ ಬಲಗಡೆಯಿಂದ ಒಂದು ಏಟು ಕೊಟ್ಟೆ, ಅದು ಓಡತೊಡಗಿತು. ಅಂದಿನಿಂದ ವೈರಿರುವುದು, ವೈರಿಲ್ಲದ್ದು ಎಲ್ಲವೂ ನನ್ನ ಕೊರಳಿಗೆ ಬಿತ್ತು. ವೈರಿರುವುದಾದರೆ ಚಿಂತೆಯಿಲ್ಲ. ಹಿಂದೆ ನಮ್ಮಲ್ಲಿ ಒಂದೇ ಲ್ಯಾಂಡ್‌ಲೈನ್ ಇದ್ದಾಗ, ಅದು ಕೆಟ್ಟರೆ ವೈರು ಹಿಡಿದುಕೊಂಡು ಹೊರಟರಾಯಿತು, ಇಲಿ ಕಡಿದ ಜಾಗ ಎಲ್ಲೋ ಸಿಕ್ಕೇ ಸಿಗುತ್ತಿತ್ತು. ಗಾಳಿಯಲ್ಲಿ ಹೋಗುವುದನ್ನು ಎಲ್ಲಿಂದ ಹಿಡಿಯುವುದು? ಎಕ್ಸ್-ರೇ ಕೋಣೆಯ ಸೀಸದ ಬಾಗಿಲು ಅದನ್ನು ತಡೆಯುತ್ತದೆ, ನೀರಿನ ಟ್ಯಾಂಕು ತಡೆಯುತ್ತದೆ, ಅಲ್ಲಿ ನಮಗೆ ಬೇಕು. ಕಂಪೌಂಡ್ ಗೋಡೆ ತಡೆಯುವುದಿಲ್ಲ, ಅಲ್ಲಿ ನಮಗೆ ಬೇಡ. ಎದುರಿನ ಹೋಟೆಲಿನ ಮಂಡಕ್ಕಿ ಒಗ್ಗರಣೆಯ ವಾಸನೆ ಯಾವ ವೈರೂ ಇಲ್ಲದೆ ನಮ್ಮ ವಾರ್ಡಿಗೆ ಬಂದು, ಉಪವಾಸವಿರಬೇಕಾದ ರೋಗಿಗಳನ್ನು ಕಾಡುತ್ತಿತ್ತು. ನಮ್ಮ ವೈಫೈ ಆ ಹೋಟೆಲಿಗೆ ಹೋಗುತ್ತಿತ್ತು.

ಹೋಗದೆ ಏನು ಮಾಡೀತು? ಪಾಸ್‌ವರ್ಡನ್ನು ರೋಗಿಗಳ ಕಡೆಯವರು ಕೂರುವ ಹಾಲಿನ ಗೋಡೆಯ ಮೇಲೆ, ‘ಗದ್ದಲ ಮಾಡಬೇಡಿರಿ’ ಎಂಬುದರ ಕೆಳಗೆ, ನೀಲಿ ಬಣ್ಣದಲ್ಲಿ ನಾನೇ ಬರೆಸಿದ್ದೆ. ಒಂದರಿಂದ ಎಂಟರವರೆಗೆ ಅಂಕಿ. ಬಂದವರಿಗೆಲ್ಲ ಬಾಯಿಬಿಟ್ಟು ಹೇಳುವ ಕೆಲಸ ತಪ್ಪಲಿ ಎಂದು. ರೋಗಿಗಳ ಕಡೆಯವರು ಹೊಗಳಿದರು. ಆಟೋದವರು ತಮ್ಮ ನಿಲ್ದಾಣವನ್ನೇ ನಮ್ಮ ಗೇಟಿಗೆ ಸರಿಸಿಕೊಂಡರು. ಆಸ್ಪತ್ರೆಯ ಒಡತಿಯಾದ ಡಾಕ್ಟರ್ ಮೇಡಂ ಮಾತ್ರ ಇದನ್ನು ಒಪ್ಪದೆ ಗಂಗಾವತಿಯಿಂದ ಒಬ್ಬ ಇಂಜಿನಿಯರನ್ನು ಕರೆಸಿದರು. ಆತ ಅರ್ಧ ದಿನ ಅಡ್ಡಾಡಿ ಒಂದು ಹಾಳೆಯ ಮೇಲೆ ನಕ್ಷೆ ಬರೆದುಕೊಟ್ಟ. ಡಬ್ಬಿ ಇಲ್ಲೊಂದು, ಅಲ್ಲೊಂದು. ಆಸ್ಪತ್ರೆಯ ಕೆಲಸಕ್ಕೆ ಒಂದು ನೆಟ್‌ವರ್ಕ್, ಬಂದುಹೋಗುವವರಿಗೆ ಬೇರೆಯೇ ಒಂದು. ಪಾಸ್‌ವರ್ಡ್ ಆಗಾಗ ಬದಲಾಗಬೇಕು. ನಾನು ಆ ಹಾಳೆಯನ್ನು ಬಹಳ ಗೌರವದಿಂದ ಮಡಚಿ ಡ್ರಾಯರಿನಲ್ಲಿಟ್ಟೆ. ಮೂರು ತಿಂಗಳು ಅದು ಅಲ್ಲೇ ಇತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ತಾವರಗೇರಾದಿಂದ ಮೌಲಾಸಾಬ್ ಎಂಬುವರನ್ನು ಟಂಟಂ ಆಟೋದಲ್ಲಿ ಕರೆತಂದರು. ಗಾದಿ ಹೊಲಿಯುವವರು. ಅಟ್ಟದಿಂದ ಹತ್ತಿಯ ಗಂಟು ಇಳಿಸುವಾಗ ಕಾಲು ಜಾರಿ, ತಲೆ ಕಲ್ಲುನೆಲಕ್ಕೆ ಬಡಿದಿತ್ತು. ಜೊತೆಗಿದ್ದವರು ಹೆಂಡತಿ ಹುಸೇನಬಿ ಒಬ್ಬರೇ. ತಲೆಯ ಸ್ಕ್ಯಾನ್ ಆಯಿತು. ಅದನ್ನು ಹುಬ್ಬಳ್ಳಿಯ ತಜ್ಞರಿಗೆ ಕಳಿಸಲು ಮೇಡಂ ಹೇಳಿದರು. ರೋಗಿಯನ್ನು ಇಲ್ಲೇ ಇಟ್ಟುಕೊಳ್ಳುವುದೋ, ಕೂಡಲೇ ಹುಬ್ಬಳ್ಳಿಗೆ ಒಯ್ಯುವುದೋ ಎಂದು ಅವರು ನೋಡಿ ಹೇಳಬೇಕು. ಒಂದು ಸ್ಕ್ಯಾನ್ ಅಂದರೆ ನೂರಾರು ಚಿತ್ರ. ಗುಂಡಿ ಒತ್ತಿದೆ. ನೂರಕ್ಕೆ ಹದಿನಾಲ್ಕು ಹೋಯಿತು, ನಿಂತಿತು.

ಕಂಪ್ಯೂಟರಿನಿಂದ ಡಬ್ಬಿಗೆ, ಡಬ್ಬಿಯಿಂದ ಕಂಪ್ಯೂಟರಿಗೆ ಎಷ್ಟು ಸಲ ಓಡಾಡಿದೆನೋ. ಡಬ್ಬಿಯ ಸ್ವಿಚ್ಚು ಆರಿಸಿ ಹಚ್ಚಿದೆ. ಪ್ರಿಂಟರಿನ ನೆನಪಾಗಿ ಒಂದು ಏಟನ್ನೂ ಕೊಟ್ಟೆ. ಹದಿನಾಲ್ಕು ಹದಿನಾಲ್ಕೇ. ಮೇಡಂ ಎರಡು ಸಲ ಬಾಗಿಲಲ್ಲಿ ಬಂದು ನೋಡಿ ಹೋದರು. ನಾನು ಹಾಲಿಗೆ ನುಗ್ಗಿ, ಎಲ್ಲರೂ ಫೋನು ಆರಿಸಬೇಕೆಂದು ಕೂಗಿದೆ. ಕೆಲವರು ಆರಿಸಿದರು, ಕೆಲವರು ಆರಿಸಿದಂತೆ ಮಾಡಿದರು. ಬಾಗಿಲ ಪಕ್ಕದ ಬೆಂಚಿನಲ್ಲಿ ಹುಸೇನಬಿ ಮಾತ್ರ ಸೆರಗಿನ ಮರೆಯಲ್ಲಿ ಫೋನು ಹಿಡಿದು ಅದನ್ನೇ ನೋಡುತ್ತಿದ್ದರು. ನನ್ನ ಸಿಟ್ಟಿಗೆ ಒಂದು ಜಾಗ ಬೇಕಾಗಿತ್ತು, ಸಿಕ್ಕಿತು.

“ನಿಮ್ಮ ಮನಿಯವರ ಸ್ಕ್ಯಾನ್ ಹೋಗವಲ್ದು, ನೀವ ಫೋನ್ ಹಿಡ್ಕೊಂಡು ಕುಂತೀರಿ. ಮೊದ್ಲ ಬಂದ್ ಮಾಡ್ರಿ ಅದನ್ನ,” ಎಂದೆ.

ಆಕೆ ಒಂದು ಮಾತೂ ಆಡದೆ ಫೋನು ಆರಿಸಿ ಕೈಚೀಲದೊಳಗೆ ಹಾಕಿಕೊಂಡರು.

ಮರಳಿ ಬಂದು ನೋಡಿದರೆ ಹದಿನಾಲ್ಕು. ಆಗ ನಾನು ಎಲ್ಲಕ್ಕಿಂತ ಮೊದಲು ಮಾಡಬೇಕಾಗಿದ್ದ ಕೆಲಸ ಮಾಡಿದೆ. ಯಾರ್ಯಾರು ಎಷ್ಟೆಷ್ಟು ನೆಟ್ ಬಳಸುತ್ತಿದ್ದಾರೆಂದು ತೋರಿಸುವ ಪಟ್ಟಿಯನ್ನು ತೆರೆದೆ. ನಲವತ್ತೊಂದು ಹೆಸರಿದ್ದವು. ಉಳಿದವರೆಲ್ಲ ಸೇರಿ ಬಳಸಿದ್ದಕ್ಕಿಂತ ಹೆಚ್ಚು ನುಂಗುತ್ತಿದ್ದ ಒಂದು ಹೆಸರು ಎಲ್ಲರ ಮೇಲಿತ್ತು. ಅದು ನನ್ನದು. ಮೇಜಿನ ಮೇಲೆ ಚಾರ್ಜಿಗೆ ಹಾಕಿದ್ದ ನನ್ನ ಫೋನು, ತಂಗಿಯ ಮನೆಯ ಗೃಹಪ್ರವೇಶದ ವಿಡಿಯೋಗಳನ್ನು ತಾನಾಗಿಯೇ ಒಂದೊಂದಾಗಿ ನೆಟ್ಟಿನ ಮೂಲಕ ಎಲ್ಲೋ ದೂರದ ಉಗ್ರಾಣಕ್ಕೆ ಸಾಗಿಸುತ್ತ ತಣ್ಣಗೆ ಮಲಗಿತ್ತು.

ಅದನ್ನು ಆರಿಸಿದೆ. ನಾಲ್ಕೇ ನಿಮಿಷದಲ್ಲಿ ಸ್ಕ್ಯಾನ್ ಪೂರ್ತಿ ಹೋಯಿತು. ತಲೆಯೊಳಗೆ ರಕ್ತ ಸೋರಿದೆ, ತಡ ಮಾಡದೆ ಕಳಿಸಿ ಎಂದು ಹುಬ್ಬಳ್ಳಿಯಿಂದ ಕರೆ ಬಂತು. ಅಷ್ಟರಲ್ಲಿ ಅರ್ಧ ತಾಸು ಹಾಳಾಗಿತ್ತು. ಏನಾಗಿತ್ತು ಎಂದು ಮೇಡಂ ಕೇಳಿದರು. ನೆಟ್ ನಿಧಾನವಿತ್ತು ಎಂದೆ. ಅದು ಸುಳ್ಳೇನಲ್ಲ.

ಆಂಬುಲೆನ್ಸಿನಲ್ಲಿ ಹುಸೇನಬಿ ಒಬ್ಬರೇ ಹತ್ತಿ ಹೋದರು. ಹತ್ತು ನಿಮಿಷವಾಗಿರಬೇಕು, ಗಂಗಾವತಿಯಿಂದ ಅವರ ತಮ್ಮ ಮೋಟಾರ್‌ಸೈಕಲ್ಲಿನ ಮೇಲೆ ಏದುಸಿರು ಬಿಡುತ್ತ ಬಂದ. ತಾನು ಬರುವವರೆಗೆ ನಿಲ್ಲಿರಿ ಎಂದು ಹೇಳಲು ದಾರಿಯುದ್ದಕ್ಕೂ ಫೋನು ಹಚ್ಚಿದ್ದನಂತೆ, ಅಕ್ಕನ ಫೋನು ಆರಿಸಿತ್ತಂತೆ. ಯಾಕೆ ಆರಿಸಿತ್ತು ಎಂದು ನಾನು ಹೇಳಲಿಲ್ಲ. ಹುಬ್ಬಳ್ಳಿಯ ದಾರಿ ತೋರಿಸಿ ಒಳಗೆ ಬಂದೆ.

ಮುಂದೆ ಎರಡು ದಿನ ಕುಳಿತಲ್ಲಿ ಕೂರಲಾಗಲಿಲ್ಲ. ಮೂರನೆಯ ದಿನ, ಆಪರೇಷನ್ ಆಗಿದೆ, ಜೀವಕ್ಕೆ ಭಯವಿಲ್ಲ ಎಂಬ ಸುದ್ದಿ ಬಂತು. ಅಂದೇ ಡ್ರಾಯರಿನಿಂದ ಆ ಹಾಳೆ ಹೊರಗೆ ತೆಗೆದೆ. ಎರಡು ನೆಟ್‌ವರ್ಕ್ ಆದವು. ಹೊಸ ಪಾಸ್‌ವರ್ಡನ್ನು ಎಲ್ಲಿಯೂ ಬರೆಯಿಸಲಿಲ್ಲ. ಗೋಡೆಗೆ ಎರಡು ಸಲ ಸುಣ್ಣ ಹೊಡೆಸಿದೆ. ಆಟೋದವರು ವಾರದೊಳಗೆ ಬಸ್‌ಸ್ಟ್ಯಾಂಡಿಗೆ ಮರಳಿದರು.

ಒಂದೂವರೆ ತಿಂಗಳ ಮೇಲೆ ಗಂಡಹೆಂಡತಿ ತೋರಿಸಿಕೊಳ್ಳಲು ಬಂದರು. ಮೌಲಾಸಾಬರು ತಲೆಗೆ ವಸ್ತ್ರ ಸುತ್ತಿಕೊಂಡು ನಿಧಾನವಾಗಿ ನಡೆಯುತ್ತಿದ್ದರು. ಅವರು ಮೇಡಂ ಹತ್ತಿರ ಒಳಗೆ ಹೋದಾಗ ನಾನು ಹುಸೇನಬಿಯನ್ನು ನನ್ನ ಮೇಜಿನ ಬಳಿಗೆ ಕರೆದು, ಇದ್ದದ್ದನ್ನು ಇದ್ದಂತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಆಕೆ ಕೈಚೀಲದಿಂದ ಫೋನು ತೆಗೆದು ಮೇಜಿನ ಮೇಲಿಟ್ಟರು. ಗುಂಡಿ ಒತ್ತುವ ಸಣ್ಣ ಫೋನು, ಹಿಂದಿನ ಮುಚ್ಚಳ ಬೀಳದಂತೆ ರಬ್ಬರ್ ಬ್ಯಾಂಡು ಹಾಕಿತ್ತು.

“ಇದರಾಗ ನೆಟ್ ಬರಂಗಿಲ್ರಿ ಸರ. ತಮ್ಮನ ಫೋನ್ ಬರತೈತೇನಂತ ನೋಡ್ಕೋಂತ ಕುಂತಿದ್ನಿ.”

“ಮತ್ತ ಅವತ್ತ ಯಾಕ ಹೇಳ್ಲಿಲ್ರಿ?”

“ಆಸ್ಪತ್ರಿಯವ್ರು ನೀವು, ನಿಮಗ ಗೊತ್ತಿರತೈತಿ ಅಂದ್ಕೊಂಡ್ನಿ. ಇದನ್ನ ಬಂದ್ ಮಾಡಿದ್ರ ಅವ್ರು ಉಳೀತಾರ ಅಂದ್ರ, ನಾ ಒಲ್ಲೆ ಅನ್ಲೇನ್ರಿ?”

ಹೋಗಲಿ ಬಿಡಿ ಎನ್ನುತ್ತಾರೆಂದು ಕಾದೆ. ಆಕೆ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಒಳಗಿನಿಂದ ಗಂಡ ಬಂದರು, ಇಬ್ಬರೂ ಔಷಧದ ಕಿಟಕಿಯ ಕಡೆ ನಡೆದರು. ಮೇಜಿನ ಆಚೆ ನಿಂತವರು ಸುಮ್ಮನಿದ್ದರೆ ಈಚೆ ಕುಳಿತವನು ಅದನ್ನು ತಪ್ಪೊಪ್ಪಿಗೆ ಎಂದುಕೊಳ್ಳುತ್ತಾನಲ್ಲ ಎಂದು ಆಗ ನನಗೆ ಹೊಳೆಯಿತು.

ಕಳೆದ ವಾರ ಮತ್ತೆ ನೆಟ್ ನಿಧಾನವಾಯಿತು. ಹಳೆಯ ಚಡಪಡಿಕೆ ನನ್ನನ್ನು ಹಾಲಿನ ಬಾಗಿಲವರೆಗೂ ಎಳೆದೊಯ್ದಿತು. ಅಲ್ಲಿಂದ ತಿರುಗಿ ಬಂದು ಪಟ್ಟಿ ತೆರೆದೆ. ಬೆನ್ನ ಹಿಂದೆ ಮೇಡಂ ಬಂದು ನಿಂತು, ಯಾರ ಫೋನು ಎಂದು ಕೇಳಿದರು. ಎಲ್ಲರ ಮೇಲಿದ್ದ ಹೆಸರನ್ನು ಎರಡು ಸಲ ಓದಿದೆ. ನೋಡ್ತೀನ್ರಿ ಎಂದು ಹೇಳಿ ಪಟ್ಟಿ ಮುಚ್ಚಿಬಿಡುವುದು ಬಹಳ ಸುಲಭವಿತ್ತು.

“ಅದು ನಿಮ್ದ ಐತ್ರಿ, ಮೇಡಂ,” ಎಂದೆ.

ಅವರು ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತರು. ಕೋಟಿನ ಜೇಬಿನಿಂದ ಫೋನು ತೆಗೆದು ನನ್ನ ಮುಂದೆ ಹಿಡಿದರು.

“ಹೆಂಗ ಬಂದ್ ಮಾಡೂದು, ತೋರಸ್ರಿ.”