ಅಪ್ಪ ಹಾಕುತ್ತಿದ್ದ ಹನಿ

ನನ್ನ ಕನ್ನಡಕದಿಂದಾಗಿ ಎರಡು ಸಂಬಂಧಗಳು ತಪ್ಪಿಹೋಗಿದ್ದವು. ಮೂರನೆಯವರು ಹೆಬ್ಬಳ್ಳಿ ಕಡೆಯವರು. ಚಹಾ ಕುಡಿದು ಏಳುವಾಗ, "ಹುಡುಗಿ ಛಲೋ ಅದಾಳ್ರಿ, ಆದ್ರ ಚಷ್ಮಾ ಭಾಳ ದಪ್ಪ ಐತಿ" ಎಂದು ಹೇಳಿ ಹೋದರು.

ಅಂದು ಸಂಜೆಯೇ ಅಪ್ಪ ಲೇಸರ್ ಶಸ್ತ್ರಚಿಕಿತ್ಸೆಯ ಮಾತು ತೆಗೆದರು. ಅವರು ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರಿ. ಎಳೆಯನ್ನು ಬೆರಳಲ್ಲಿ ಎಳೆದು ನೋಡದೆ ಒಂದು ಚೀಲವನ್ನೂ ಕೊಂಡವರಲ್ಲ. ನನ್ನ ಕಣ್ಣಿನ ವಿಷಯದಲ್ಲಿ ಮಾತ್ರ ಯಾರನ್ನೂ ಹೆಚ್ಚು ಕೇಳಲಿಲ್ಲ.

"ಹತ್ತು ನಿಮಿಷದ ಕೆಲಸಂತ ಯವ್ವಾ. ಮುಂಜಾನಿ ಹೋದ್ರ ಊಟದ ಹೊತ್ತಿಗೆ ಮನ್ಯಾಗ ಇರತಿ."

ನಾನೂ ಹೂಂ ಅಂದೆ. ಕನ್ನಡಕವಿಲ್ಲದ ನನ್ನ ಮುಖ ನೋಡುವ ಆಸೆ ಅಪ್ಪನಿಗಿಂತ ನನಗೇ ಹೆಚ್ಚಿತ್ತು.

ಶಸ್ತ್ರಚಿಕಿತ್ಸೆಯಾದ ಎರಡು ದಿನಕ್ಕೆ, ಬೈರಿದೇವರಕೊಪ್ಪದ ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತು ದೂರದ ಬಸ್ಸಿನ ಬೋರ್ಡು ಓದಿದೆ. ಅಪ್ಪ ಓಣಿಗೆಲ್ಲ ಪೇಢೆ ಹಂಚಿದರು.

ಕಣ್ಣಿನ ಉರಿ ಮಾತ್ರ ಉಳಿದಿತ್ತು; ತಾನಾಗಿಯೇ ಹೋಗುತ್ತದೆ ಎಂದಿದ್ದರು ಡಾಕ್ಟರು. ಮೂರು ತಿಂಗಳಾಯಿತು, ವರ್ಷವಾಯಿತು. ರೆಪ್ಪೆಯೊಳಗೆ ಸದಾ ಮರಳು ಉಜ್ಜಿದಂತೆ. ಧಾರವಾಡದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಹೋಗಿಬರುವ ಬಸ್ಸಿನ ಎ.ಸಿ. ಗಾಳಿ ತಾಗಿದರೆ ಕಣ್ಣು ತೆರೆಯಲಾಗುತ್ತಿರಲಿಲ್ಲ. ನಾಲ್ಕು ಉತ್ತರಪತ್ರಿಕೆ ತಿದ್ದುವಷ್ಟರಲ್ಲಿ ಅಂಕಿಗಳು ಕಲಸಿಹೋಗುತ್ತಿದ್ದವು. ಕೊನೆಗೆ ಕೆಲಸ ಬಿಟ್ಟೆ. ಮದುವೆಯ ಮಾತನ್ನು ಯಾರೂ ಎತ್ತದಾದರು.

"ಲೇಸರ್ ಮಾಡೂವಾಗ ಕಣ್ಣಿನ ಸಣ್ಣ ನರ ತುಂಡಾಗಿರತಾವ್ರಿ, ಅದಕ್ಕ ನೀರು ಒಸರೂದು ಕಡಿಮಿ ಆಗೇತಿ. ಕೆಲವರಿಗೆ ಲಗೂ ಸುಧಾರಿಸತದ, ಕೆಲವರಿಗೆ ಇಲ್ಲ" ಎಂದರು ಡಾಕ್ಟರು.

ದಿನಕ್ಕೆ ಎಂಟು ಸಲ ಹನಿ ಹಾಕಬೇಕಿತ್ತು. ಆ ಕೆಲಸವನ್ನು ಅಪ್ಪ ತಾವೇ ವಹಿಸಿಕೊಂಡರು. ಮಧ್ಯಾಹ್ನ ಅಂಗಡಿಯಿಂದ ಅದಕ್ಕಾಗಿಯೇ ಬರುತ್ತಿದ್ದರು. ಗುರಿ ತಪ್ಪಿ ಒಂದು ಹನಿ ಕೆನ್ನೆಗೆ, ಒಂದು ಕಿವಿಗೆ. "ಮ್ಯಾಲೆ ನೋಡವಾ, ಹಾಂ, ಅಲ್ಲೇ" ಎನ್ನುತ್ತಿದ್ದರು.

ಒಂದು ದಿನ ಬಾಟಲಿಯ ತುದಿ ಕಣ್ಣಿಗೇ ತಾಗಿತು. ಎದ್ದು ಕೂತು ಚೀರಿದೆ.

"ಸಾಕು ಮಾಡ್ರಿ ಅಪ್ಪಾ! ಚಷ್ಮಾ ಹಾಕ್ಕೊಂಡು ಆರಾಮ ಇದ್ದೆ. ನನ್ನ ಕಣ್ಣ ಹಾಳ ಮಾಡಿದವರ ನೀವು."

ಅಪ್ಪ ಬಾಟಲಿಗೆ ಮುಚ್ಚಳ ಹಾಕಿ ದಿಂಬಿನ ಪಕ್ಕ ಇಟ್ಟು ಹೋದರು. ಮಧ್ಯಾಹ್ನ ಮನೆಗೆ ಬರುವುದನ್ನು ಬಿಟ್ಟರು. ಅವ್ವ ಹನಿ ಹಾಕತೊಡಗಿದಳು. ನಾನೂ ಹೂಂ ಅಂದಿದ್ದೆನಲ್ಲ, ತಪ್ಪು ನಿಮ್ಮೊಬ್ಬರದಲ್ಲ ಎಂದು ಹೇಳಲು ಎರಡು ಮೂರು ಸಲ ಅವರ ಕೋಣೆಯ ಬಾಗಿಲತನಕ ಹೋದೆ. ಅವರು ಟಿವಿ ನೋಡುತ್ತಿದ್ದರು. ನಾಳೆ ಹೇಳಿದರಾಯಿತೆಂದು ತಿರುಗಿ ಬಂದೆ. ಹದಿನೈದು ದಿನ ಕಳೆದಿರಲಿಲ್ಲ, ಅಂಗಡಿಯಲ್ಲಿಯೇ ಎದೆನೋವು ಬಂದು ಕುಸಿದರು. ಮನೆಗೆ ಹೆಣ ಬಂತು.

ಪಡಸಾಲೆಯಲ್ಲಿ ಅಪ್ಪನನ್ನು ಕೂರಿಸಿ ಹಣೆಗೆ ವಿಭೂತಿ ಹಚ್ಚಿದ್ದರು. ಊದುಬತ್ತಿಯ ಹೊಗೆಗೆ ನನ್ನ ಕಣ್ಣು ಕೆಂಡವಾದವು. ಕಣ್ಣೀರು ಮಾತ್ರ ಬರಲಿಲ್ಲ. ಉರಿ ತಡೆಯಲಾಗದೆ ಗೋಡೆಗೆ ತಿರುಗಿ ಹನಿ ಹಾಕಿಕೊಂಡೆ. ಹಿಂದೆ ಕೂತ ಸಂಬಂಧಿಕಳೊಬ್ಬಳು ಪಕ್ಕದವಳಿಗೆ ಹೇಳಿದ್ದು ಕೇಳಿಸಿತು:

"ನೋಡವಾ, ಔಷಧ ಹಾಕ್ಕೊಂಡು ಅಳಾಕತ್ತಾಳ. ಹಡದ ಅಪ್ಪಗ ಎರಡು ಹನಿ ಖರೇ ಕಣ್ಣೀರಿಲ್ಲ."

ಮಂದಿಯೆಲ್ಲ ಹೋದ ಮೇಲೆ ಅವ್ವನಿಗೆ ಆ ಮಾತು ಹೇಳಿದೆ. ಅಪ್ಪನಿಗೆ ನಾನು ಅಂದದ್ದನ್ನೂ ಹೇಳಿದೆ. ಅವಳಿಗೆ ಗೊತ್ತಿತ್ತು.

"ಮರುದಿನನ ನಿಮ್ಮಪ್ಪ ಡಾಕ್ಟರ್ ಕಡೆ ಹೋಗಿದ್ರು" ಎಂದಳು. "ನನ್ನ ಕಣ್ಣ ತಗದು ಆಕಿಗೆ ಹಾಕಾಕ ಬರತದೇನ್ರಿ ಅಂತ ಕೇಳಿದ್ರಂತ. ಹಂಗ ಬರೂದಿಲ್ರಿ ಕಾಕಾ ಅಂದ್ರಂತ ಅವರು. ಅವತ್ತ ಮನಿಗೆ ಬಂದು ಊಟ ಮಾಡಲಿಲ್ಲ."

"ನನಗ್ಯಾಕ ಹೇಳಲಿಲ್ಲವ್ವಾ?"

"ಹೇಳಬ್ಯಾಡ ಅಂದಿದ್ರು. ಆಕಿ ಅತ್ತರ ಕಣ್ಣ ಇನ್ನೂ ಉರೀತಾವು ಅಂದ್ರು."

ಆಗ ಕಣ್ಣೀರು ಬಂತು. ಉಪ್ಪು ಸವರಿದಂತೆ ಉರಿಯಿತು. ಅವ್ವ ಸೆರಗಿನಿಂದ ಒರೆಸಲು ಬಂದಳು. ಬೇಡ ಅಂದೆ.